ಸಣ್ಣ ಎಸ್‌ಯುವಿಗೆ ಮನೆಯಂಗಳದಲ್ಲೇ ಟ್ರೇಲರ್ ಹಿಚ್: ಬೋಲ್ಟ್ ಮೊದಲು ಕೈಯಲ್ಲೇ ತಿರುಗಲಿ

ಹೋಂಡಾ ಸಿಆರ್-ವಿ, ಟೊಯೊಟಾ ರಾವ್4, ಸುಬಾರು ಫಾರೆಸ್ಟರ್. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಚಿರಪರಿಚಿತವಾದ ಈ ಗಾಡಿಗಳು ಶೋರೂಮಿನಿಂದ ಬರುವಾಗ ಹಿಂದೆ ಸಾಮಾನ್ಯವಾಗಿ ಹಿಚ್, ಅಂದರೆ ಟ್ರೇಲರ್ ಅಥವಾ ಸೈಕಲ್ ರ‍್ಯಾಕ್ ಸಿಕ್ಕಿಸಲು ಚಾಸಿಗೆ ಬಿಗಿಯುವ ಉಕ್ಕಿನ ತೊಲೆ, ಇರುವುದಿಲ್ಲ. ಮಕ್ಕಳ ಸೈಕಲ್‌ಗಳನ್ನು ಪಾರ್ಕಿಗೆ ಒಯ್ಯಬೇಕು, ಮನೆ ಬದಲಾಯಿಸುವಾಗ ಬಾಡಿಗೆ ಟ್ರೇಲರ್ ಎಳೆಯಬೇಕು ಎಂದಾಗ ಅದರ ನೆನಪಾಗುತ್ತದೆ. ಗಾಡಿಯ ಮಾಡೆಲ್ ಮತ್ತು ವರ್ಷಕ್ಕೆ ಹೊಂದುವಂತೆ ತಯಾರಾದ ಹಿಚ್ ತರಿಸಿಕೊಂಡರೆ ವೆಲ್ಡಿಂಗ್ ಬೇಕಿಲ್ಲ, ಬಹುತೇಕ ಗಾಡಿಗಳಲ್ಲಿ ಡ್ರಿಲ್ಲಿಂಗೂ ಬೇಕಿಲ್ಲ. ಇಬ್ಬರು ಸೇರಿದರೆ ಎರಡು-ಮೂರು ಗಂಟೆಯ ಕೆಲಸ. ಉಕ್ಕಿನ ಆ ತೊಲೆ ತಾನಾಗಿ ಮುರಿಯುವುದು ಅಪರೂಪ. ಕೆಲಸ ಕೆಡುವುದು ಚಾಸಿಯೊಳಗಿನ ತುಕ್ಕು ಹಿಡಿದ ಥ್ರೆಡ್‌ಗಳಲ್ಲಿ, ಅಂದರೆ ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆಗಳಲ್ಲಿ. ಆದ್ದರಿಂದ ಈ ಲೇಖನದಲ್ಲೂ ಹೆಚ್ಚು ಜಾಗ ಅದಕ್ಕೇ.

ಕೊಳ್ಳುವ ಮೊದಲು ಲೆಕ್ಕ

ಹಿಚ್‌ನ ಚೌಕಾಕಾರದ ಬಾಯಿಗೆ ರಿಸೀವರ್ ಎನ್ನುತ್ತಾರೆ. ಸಣ್ಣ ಎಸ್‌ಯುವಿಗಳಿಗೆ ಸಿಗುವುದು ಎರಡು ಅಳತೆ: ಒಂದೂಕಾಲು ಇಂಚು ಮತ್ತು ಎರಡು ಇಂಚು. ಒಂದೂಕಾಲು ಇಂಚಿನ ಕ್ಲಾಸ್ 1 ಹಿಚ್‌ಗೆ 2,000 ಪೌಂಡ್ ಎಳೆಯುವ, 200 ಪೌಂಡ್ ಹೊರುವ ಮಿತಿ ಇರುತ್ತದೆ. ಕ್ಲಾಸ್ 2 ಆದರೆ 3,500 ಮತ್ತು 350. ಎರಡು ಇಂಚಿನದು ಸಾಮಾನ್ಯವಾಗಿ ಕ್ಲಾಸ್ 3. ನಾಲ್ಕು ಸೈಕಲ್ ಹೊರುವ ರ‍್ಯಾಕ್‌ಗಳು ಹೆಚ್ಚಾಗಿ ಎರಡು ಇಂಚಿಗೇ ಬರುವುದರಿಂದ, ಆಯ್ಕೆ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಸಣ್ಣ ಬಾಯಿಗೆ ಅಡಾಪ್ಟರ್ ಸಿಕ್ಕಿಸಿ ದೊಡ್ಡದು ಮಾಡಿಕೊಳ್ಳಬಹುದು ನಿಜ, ಆದರೆ ಅದರಿಂದ ಹಿಚ್‌ನ ಬಲ ಹೆಚ್ಚುವುದಿಲ್ಲ. ಭಾರ ಹಿಂದಕ್ಕೆ ಸರಿದಷ್ಟೂ ಸನ್ನೆಕೋಲಿನ ಹಾಗೆ ಬೋಲ್ಟ್‌ಗಳನ್ನು ಮೀಟುತ್ತದೆ.

ಜನ ಎಡವುವುದು ಇಲ್ಲಿಯೇ. ಹಿಚ್‌ನ ಮೇಲಿನ ಚೀಟಿಯಲ್ಲಿ 3,500 ಪೌಂಡ್ ಎಂದಿರುತ್ತದೆ, ಗಾಡಿಗೆ ಆ ಶಕ್ತಿ ಇರುವುದಿಲ್ಲ. ಅಮೆರಿಕದ ಪೆಟ್ರೋಲ್ ಸಿಆರ್-ವಿ ಎಳೆಯಬಲ್ಲದ್ದು 1,500 ಪೌಂಡ್, ಅಂದರೆ ಸುಮಾರು 680 ಕಿಲೋ. ಅದರ ಹೈಬ್ರಿಡ್‌ಗೆ 1,000 ಮಾತ್ರ. 2019ರಲ್ಲಿ ಬಂದ ರಾವ್4 ಪೀಳಿಗೆಯ ಪೆಟ್ರೋಲ್ ಗಾಡಿಗಳಲ್ಲಿ ಎಲ್‌ಇ, ಎಕ್ಸ್‌ಎಲ್‌ಇ ಮಾದರಿಗಳಿಗೆ 1,500, ಅಡ್ವೆಂಚರ್‌ಗೆ 3,500. ಹೊರನೋಟಕ್ಕೆ ಒಂದೇ ಗಾಡಿ! ಗಾಡಿ, ಹಿಚ್, ಬಾಲ್ (ಟ್ರೇಲರ್‌ನ ಮೂತಿ ಕೂರುವ ಉಕ್ಕಿನ ಗುಂಡು), ರಿಸೀವರ್‌ಗೆ ತೂರಿಸುವ ಬಾಲ್‌ನ ಕಂಬಿ, ಇವುಗಳಲ್ಲಿ ಯಾವುದರ ಅಂಕಿ ಎಲ್ಲಕ್ಕಿಂತ ಚಿಕ್ಕದೋ ಅದೇ ನಿಮ್ಮ ಮಿತಿ. ಗಾಡಿಯ ಅಂಕಿ ಮಾಲೀಕರ ಕೈಪಿಡಿಯಲ್ಲಿದೆ.

ಟ್ರೇಲರ್‌ನ ಮೂತಿ ಹಿಚ್ ಮೇಲೆ ಕೆಳಮುಖವಾಗಿ ಹೇರುವ ಭಾರ ಒಟ್ಟು ತೂಕದ ಶೇ 10ರಿಂದ 15ರಷ್ಟಿರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಖಾಲಿ ಟ್ರೇಲರ್‌ನ ತೂಕವನ್ನೂ ಮರೆಯಬೇಡಿ. ಅದೇ 850 ಪೌಂಡ್ ಇದ್ದರೆ 1,500ರ ಗಾಡಿಗೆ ಸಾಮಾನಿಗೆ ಉಳಿಯುವುದು 650. ಒಂದು ಸೋಫಾ, ಒಂದು ಮಂಚ, ಒಂದಷ್ಟು ಪೆಟ್ಟಿಗೆ ಹೇರುವಷ್ಟರಲ್ಲಿ ಮುಗಿಯಿತು. ಸೈಕಲ್ ರ‍್ಯಾಕ್ ಮಾತ್ರ ಸಾಕು ಎನ್ನುವವರಿಗೂ ಲೆಕ್ಕ ತಪ್ಪದು: 55 ಪೌಂಡ್‌ನ ರ‍್ಯಾಕ್ ಮೇಲೆ 65 ಪೌಂಡ್‌ನ ಎರಡು ಎಲೆಕ್ಟ್ರಿಕ್ ಸೈಕಲ್ ಏರಿಸಿದರೆ 185 ಪೌಂಡ್ ಆಗುತ್ತದೆ. ಹೊರುವ ಮಿತಿ 150 ಇರುವ ಗಾಡಿಗೆ ಅದು ಹೆಚ್ಚಾಯಿತು.

ಹಿಂದಿನ ದಿನ

ಪೆಟ್ಟಿಗೆ ಬಿಚ್ಚಿ, ಒಳಗಿನ ಹಾಳೆಯ ಪಟ್ಟಿ ಹಿಡಿದು ಬೋಲ್ಟ್, ವಾಷರ್, ಸ್ಪೇಸರ್ (ಬೋಲ್ಟಿನ ತಲೆಯ ಕೆಳಗೆ ಕೂರುವ ಲೋಹದ ತುಂಡು) ಎಲ್ಲವನ್ನೂ ಎಣಿಸಿ. ಒಂದು ಬೋಲ್ಟ್ ಕಡಿಮೆ ಇದ್ದರೆ ಗೊತ್ತಾಗಬೇಕಾದದ್ದು ಈಗ, ಸೈಲೆನ್ಸರ್ ಕಳಚಿ ನೇತಾಡುತ್ತಿರುವಾಗ ಅಲ್ಲ. ಅಂಗಡಿಯಿಂದ ಸಿಕ್ಕಿದ ಬೋಲ್ಟ್ ತಂದು ಹಾಕುವ ಯೋಚನೆ ಬೇಡ. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಎಂ12 (12 ಮಿಲಿಮೀಟರ್ ದಪ್ಪದ) ಬೋಲ್ಟ್‌ನ ಪಿಚ್, ಅಂದರೆ ಥ್ರೆಡ್‌ನ ಒಂದು ಗೆರೆಯಿಂದ ಇನ್ನೊಂದಕ್ಕಿರುವ ಅಂತರ, 1.75 ಮಿಲಿಮೀಟರ್; ಜಪಾನಿ ಗಾಡಿಗಳ ಚಾಸಿಯಲ್ಲಿರುವುದು ಹೆಚ್ಚಾಗಿ 1.25. ಎರಡು ಸುತ್ತು ಹೋದಂತೆ ಮಾಡಿ ಮೂರನೆಯದಕ್ಕೆ ಥ್ರೆಡ್ಡನ್ನು ತಿಂದುಹಾಕುತ್ತದೆ.

ಉಪಕರಣಗಳು ಇಷ್ಟು: ಮಿಲಿಮೀಟರ್ ಅಳತೆಯ ಸಾಕೆಟ್ ಸೆಟ್, ಉದ್ದನೆಯ ಎಕ್ಸ್‌ಟೆನ್ಷನ್, ಟಾರ್ಕ್ ರೆಂಚ್ (ನಿಗದಿ ಮಾಡಿದಷ್ಟು ಬಿಗಿ ಬಂದಾಗ ಕಟಕ್ ಎನ್ನುವ ಸ್ಪ್ಯಾನರ್), ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡುವ ಕಟ್ಟೆ, ಕೊಳವೆ ಉಜ್ಜುವ ಬ್ರಷ್, ತುಕ್ಕು ಸಡಿಲಿಸುವ ಸ್ಪ್ರೇ, ಸಿಲಿಕೋನ್ ಸ್ಪ್ರೇ, ಕಣ್ಣಿಗೆ ಕನ್ನಡಕ. ಕನ್ನಡಕವನ್ನು ಕೊನೆಯಲ್ಲಿ ಹೇಳಿದರೂ ಹಾಕಿಕೊಳ್ಳಬೇಕಾದದ್ದು ಮೊದಲು. ಗಾಡಿಯ ಕೆಳಗೆ ಮಲಗಿ ಮೇಲೆ ನೋಡುತ್ತಿರುವಾಗ ತುಕ್ಕಿನ ಚೂರು ನೇರ ಕಣ್ಣಿಗೇ ಉದುರುತ್ತದೆ. ಟಾರ್ಕ್ ರೆಂಚ್ ಕೊಳ್ಳಲು ಮನಸ್ಸಿಲ್ಲದಿದ್ದರೆ ವಾಹನ ಬಿಡಿಭಾಗಗಳ ದೊಡ್ಡ ಅಂಗಡಿಗಳಲ್ಲಿ ಠೇವಣಿ ಇಟ್ಟು ಎರವಲು ತರಬಹುದು.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ, ನ್ಯೂಜೆರ್ಸಿಯಂಥ ಕಡೆ ಇರುವವರು ಹಿಂದಿನ ರಾತ್ರಿಯೇ ಚಾಸಿಯ ಬೋಲ್ಟ್ ತೂತುಗಳಿಗೆ ತುಕ್ಕಿನ ಸ್ಪ್ರೇ ಹೊಡೆದು ಬಿಡಬೇಕು. ಕ್ಯಾಲಿಫೋರ್ನಿಯಾದವರಿಗೆ ಈ ಗೋಳು ಕಡಿಮೆ. ಇನ್ನೊಂದು ಮಾತು: ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಪಾರ್ಕಿಂಗ್ ಜಾಗದಲ್ಲಿ ಗಾಡಿ ರಿಪೇರಿ ಮಾಡಬಾರದೆಂಬ ನಿಯಮ ಸಾಮಾನ್ಯ. ಬಾಡಿಗೆ ಕರಾರು ಒಮ್ಮೆ ನೋಡಿಕೊಂಡು, ಸ್ವಂತ ಮನೆಯಿರುವ ಗೆಳೆಯರ ಅಂಗಳ ಕೇಳಿ. ಹಿಚ್ ಎತ್ತಲು ಹೇಗಿದ್ದರೂ ಅವರ ಕೈ ಬೇಕಾಗುತ್ತದೆ.

ಗಾಡಿ ಏರಿಸಿ, ಸೈಲೆನ್ಸರ್ ಇಳಿಸಿ

ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟೆ ಕೊಟ್ಟು, ಕೈಪಿಡಿ ತೋರಿಸುವ ಜಾಗದಲ್ಲೇ ಜಾಕ್ ಇಟ್ಟು ಹಿಂಭಾಗ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬಾರದು. ಒಮ್ಮೆ ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿ, ಆಮೇಲೆ ಮಲಗಿ. ಎಂಜಿನ್ ನಿಲ್ಲಿಸಿ ಒಂದೆರಡು ಗಂಟೆಯಾದರೂ ಆಗಿರಲಿ, ಬಿಸಿ ಸೈಲೆನ್ಸರ್ ಕೈ ಸುಡುತ್ತದೆ. ಹೈಬ್ರಿಡ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದನ್ನು ಮುಟ್ಟುವುದಿರಲಿ, ಸರಿಸಲೂ ಹೋಗಬೇಡಿ.

ಸೈಲೆನ್ಸರ್ ರಬ್ಬರ್ ಬಳೆಗಳಲ್ಲಿ ತೂಗಾಡುತ್ತಿರುತ್ತದೆ. ಹಿಚ್‌ಗೆ ಜಾಗ ಬೇಕೆಂದರೆ ಹಿಂದಿನ ಎರಡು-ಮೂರು ಬಳೆ ಕಳಚಬೇಕು. ಸಿಲಿಕೋನ್ ಸ್ಪ್ರೇ ಅಥವಾ ಸೋಪಿನ ನೀರು ಹಚ್ಚಿ ಮೀಟಿದರೆ ಜಾರುತ್ತದೆ. ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಕೆಡುತ್ತದೆ. ಕಳಚುವ ಮೊದಲೇ ಕೆಳಗೆ ಪಟ್ಟಿಯೊಂದನ್ನು ಕಟ್ಟಿ ಅಥವಾ ಮರದ ದಿಮ್ಮಿ ಕೊಡಿ. ಪೂರಾ ಭಾರ ಮುಂದಿನ ಬಾಗುವ ಜೋಡಣೆಯ ಮೇಲೆ ಬಿದ್ದರೆ ಅದು ಹರಿಯುತ್ತದೆ. ಇಳಿಸಬೇಕಾದದ್ದು ನಾಲ್ಕೈದು ಇಂಚು ಮಾತ್ರ.

ಕೆಲವು ಗಾಡಿಗಳಲ್ಲಿ ಹಡಗಿನಲ್ಲಿ ಸಾಗಿಸುವಾಗ ಕಟ್ಟಲೆಂದು ಹಾಕಿದ ಕೊಕ್ಕೆಗಳು ಚಾಸಿಗೆ ಬೋಲ್ಟ್ ಆಗಿರುತ್ತವೆ. ಹಿಚ್ ಕೂರುವುದು ಅದೇ ತೂತಿಗಾದರೆ ಕೊಕ್ಕೆ ಬಿಚ್ಚಿಡಿ. ತಳದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಕಂಡಿ ಕೊರೆಯಲು ಹಾಳೆ ಹೇಳಿದ್ದರೆ, ಟೇಪ್ ಅಂಟಿಸಿ ಗುರುತು ಮಾಡಿ, ಹೇಳಿದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಮೊದಲು ಕತ್ತರಿಸಿ. ಹೆಚ್ಚು ಕತ್ತರಿಸಿದ್ದನ್ನು ಅಂಟಿಸಲಾಗದು.

ಥ್ರೆಡ್

ಹಿಚ್ ಎರಡು ಬಗೆಯಲ್ಲಿ ಕೂರುತ್ತದೆ. ಮೊದಲನೆಯದು, ಚಾಸಿಯೊಳಗೆ ಕಾರ್ಖಾನೆಯಲ್ಲೇ ವೆಲ್ಡ್ ಮಾಡಿಟ್ಟ ನಟ್‌ಗಳಿಗೆ ಕೆಳಗಿನಿಂದ ಬೋಲ್ಟ್ ಹಾಕುವುದು. ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ನಟ್ ಕಾಣುತ್ತದೆ. ಬ್ರಷ್‌ಗೆ ಸ್ಪ್ರೇ ಹೊಡೆದು ಒಳಗೆ ಬಿಟ್ಟು ತಿರುಗಿಸಿ, ಒರೆಸಿ, ಮತ್ತೆ ತಿರುಗಿಸಿ. ಆಮೇಲೆ ಹಿಚ್ ಇಲ್ಲದೆ ಬರೀ ಬೋಲ್ಟನ್ನು ಬೆರಳಿನಿಂದ ತಿರುಗಿಸಿ ನೋಡಿ. ಐದಾರು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ರ‍್ಯಾಚೆಟ್ ಹಾಕಿ ಒತ್ತಾಯ ಮಾಡಬೇಡಿ. ಹೊರತೆಗೆದು ಮತ್ತೆ ಉಜ್ಜಿ. ಹಟಮಾಡಿದರೆ ಅದೇ ಪಿಚ್‌ನ ಥ್ರೆಡ್ ಚೇಸರ್ ಬಿಟ್ಟು ಸ್ವಚ್ಛಮಾಡಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. ಒಳಗಿನ ನಟ್ ಚಾಸಿಗೆ ಅಂಟಿರುವುದು ಸಣ್ಣ ವೆಲ್ಡ್ ಚುಕ್ಕೆಗಳಿಂದ. ತುಕ್ಕು ಹಿಡಿದ ಬೋಲ್ಟನ್ನು ಏರ್ ಗನ್‌ನಿಂದ (ಗಾಳಿಯ ಒತ್ತಡದಲ್ಲಿ ಬೋಲ್ಟ್ ತಿರುಗಿಸುವ ಯಂತ್ರದಿಂದ) ತಿರುಗಿಸಿದರೆ ಆ ಚುಕ್ಕೆ ಕಿತ್ತು, ನಟ್ ಬೋಲ್ಟಿನ ಜೊತೆಗೇ ಗಿರಗಿರನೆ ಸುತ್ತತೊಡಗುತ್ತದೆ. ಆಗ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಚಾಸಿ ಕೊಯ್ದು ನಟ್ ಹಿಡಿಯಬೇಕು. ಅರ್ಧ ಗಂಟೆ ಬ್ರಷ್ ತಿರುಗಿಸುವ ಬೇಸರವೇ ವಾಸಿ.

ಎರಡನೆಯ ಬಗೆಯಲ್ಲಿ ಚಾಸಿಯಲ್ಲಿ ನಟ್ ಇರುವುದಿಲ್ಲ, ಬರೀ ತೂತು. ಬೋಲ್ಟನ್ನೇ ಒಳಗಿನಿಂದ ಕೆಳಕ್ಕೆ ತರಬೇಕು. ಇದಕ್ಕೆ ಪೆಟ್ಟಿಗೆಯಲ್ಲಿ ಸುರುಳಿ ಬಾಯಿಯ ತಂತಿ ಕೊಟ್ಟಿರುತ್ತಾರೆ. ತಂತಿಯ ಸುರುಳಿ ತುದಿಯನ್ನು ಬೋಲ್ಟ್ ಬರಬೇಕಾದ ತೂತಿನಲ್ಲಿ ತೂರಿಸಿ, ಪಕ್ಕದ ದೊಡ್ಡ ಕಂಡಿಯಿಂದ ಹೊರಕ್ಕೆ ಎಳೆಯಿರಿ. ಹೊರಬಂದ ತುದಿಗೆ ಮೊದಲು ಸ್ಪೇಸರ್ ಪೋಣಿಸಿ, ಆಮೇಲೆ ಬೋಲ್ಟನ್ನು ಸುರುಳಿಗೆ ತಿರುಗಿಸಿ ಕೂರಿಸಿ. ಈ ಅನುಕ್ರಮ ತಪ್ಪಿದರೆ ಸ್ಪೇಸರ್ ಬೋಲ್ಟಿನ ತಲೆಯ ಕೆಳಗೆ ಬರುವುದೇ ಇಲ್ಲ. ಎರಡನ್ನೂ ದೊಡ್ಡ ಕಂಡಿಯೊಳಗೆ ತಳ್ಳಿ, ಕೆಳಗಿನಿಂದ ತಂತಿ ಎಳೆದರೆ ಬೋಲ್ಟ್ ತೂತಿನಲ್ಲಿ ಇಣುಕುತ್ತದೆ. ತಂತಿಯನ್ನು ಈಗಲೇ ತೆಗೆಯಬೇಡಿ. ಹಿಚ್ ಏರಿಸುವಾಗ ಬೋಲ್ಟ್ ಹಿಂದಕ್ಕೆ ಜಾರಿ ಚಾಸಿಯೊಳಗೆ ಬಿದ್ದರೆ ಹುಡುಕಲು ಆಯಸ್ಕಾಂತವೇ ಬೇಕು. ಬೋಲ್ಟ್ ಹೋಗಲೆಂದು ಕಂಡಿಯನ್ನು ಉಜ್ಜಿ ಹಿಗ್ಗಿಸಿದ್ದರೆ ಬರಿ ಲೋಹಕ್ಕೆ ತುಕ್ಕುನಿರೋಧಕ ಬಣ್ಣ ಬಳಿಯಿರಿ.

ಎತ್ತುವುದು, ಬಿಗಿಯುವುದು

ಹಿಚ್ 30ರಿಂದ 45 ಪೌಂಡ್ ತೂಗುತ್ತದೆ. ಎತ್ತಲು ಭಾರವಲ್ಲ, ಮಲಗಿಕೊಂಡು ಎದೆಯ ಮೇಲೆ ಹಿಡಿದು ತೂತು ಹೊಂದಿಸಲು ಭಾರ. ಒಬ್ಬೊಬ್ಬರು ಒಂದೊಂದು ಬದಿ ಹಿಡಿದು, ಇಳಿಬಿಟ್ಟ ಸೈಲೆನ್ಸರ್ ಮೇಲಿನಿಂದ ಒಂದು ತುದಿ ತೂರಿಸಿ ಏರಿಸಿ. ತಂತಿಗಳಿದ್ದರೆ ಹಿಚ್‌ನ ತೂತುಗಳಲ್ಲಿ ಮೊದಲೇ ಪೋಣಿಸಿಕೊಳ್ಳಿ. ಎಲ್ಲ ಬೋಲ್ಟನ್ನೂ ಕೈಯಲ್ಲೇ ಹಾಕಿ, ಒಂದನ್ನೂ ಬಿಗಿಯಬೇಡಿ. ಒಂದು ಬದಿ ಬಿಗಿದರೆ ಇನ್ನೊಂದು ಬದಿಯ ತೂತು ಸರಿದು, ಬೋಲ್ಟ್ ಓರೆಯಾಗಿ ಇಳಿಯುತ್ತದೆ. ಹಲ್ಲಿರುವ ಶಂಕುವಾಕಾರದ ವಾಷರ್ ಕೊಟ್ಟಿದ್ದರೆ ಹಲ್ಲು ಹಿಚ್ ಕಡೆಗೆ ಬರಬೇಕು.

ರಿಸೀವರ್ ಗಾಡಿಯ ನಟ್ಟನಡುವೆ ಇದೆಯೇ ಎಂದು ಅಳೆದು, ಆಮೇಲೆ ಎಡ-ಬಲ ಬದಲಾಯಿಸುತ್ತ ಬಿಗಿಯಿರಿ. ಕೊನೆಯ ಬಿಗಿ ಟಾರ್ಕ್ ರೆಂಚ್‌ನಿಂದಲೇ. ಅಂಕಿ ನಿಮ್ಮ ಹಿಚ್‌ನ ಹಾಳೆಯದ್ದಾಗಿರಬೇಕು. ಅರ್ಧ ಇಂಚಿನ ಗ್ರೇಡ್ 5 ಬೋಲ್ಟ್‌ಗೆ ಸಾಮಾನ್ಯವಾಗಿ 75 ಅಡಿ-ಪೌಂಡ್, ಅಂದರೆ 102 ನ್ಯೂಟನ್-ಮೀಟರ್ ಎಂದಿರುತ್ತದೆ. ಗಟ್ಟಿ ದರ್ಜೆಯದಕ್ಕೆ ಹೆಚ್ಚು. ಸಡಿಲವಾದರೆ ಹಿಚ್ ಪ್ರತಿ ಹಳ್ಳಕ್ಕೂ ಅಲುಗಿ ತೂತನ್ನು ತೇಯುತ್ತದೆ. ಅತಿಯಾದರೆ ಬೋಲ್ಟ್ ಒಳಗೊಳಗೇ ಹಿಗ್ಗಿ ಹಿಡಿತ ಕಳೆದುಕೊಳ್ಳುತ್ತದೆ, ನೋಡಿದರೆ ಗೊತ್ತಾಗುವುದೂ ಇಲ್ಲ. ಕಟಕ್ ಎಂದ ಮೇಲೆ ನಿಲ್ಲಿಸಿ, ಇನ್ನೊಂದು ಸಲ ಬಲ ಹಾಕುವ ಚಪಲ ಬೇಡ.

ರಬ್ಬರ್ ಬಳೆಗಳನ್ನು ಮರಳಿ ಸಿಕ್ಕಿಸಿ ಎಂಜಿನ್ ಚಾಲೂ ಮಾಡಿ. ಸೈಲೆನ್ಸರ್ ಹಿಚ್‌ಗೆ ತಾಗಿದರೆ ಗಡಗಡ ಸದ್ದು ಬರುತ್ತದೆ.

ದೀಪದ ತಂತಿ

ಸೈಕಲ್ ರ‍್ಯಾಕ್‌ಗಷ್ಟೇ ಆದರೆ ಈ ಭಾಗ ಬಿಟ್ಟುಬಿಡಿ. ಟ್ರೇಲರ್ ಎಳೆಯುವುದಾದರೆ ನಾಲ್ಕು ತಂತಿಯ ಚಪ್ಪಟೆ ಪ್ಲಗ್ ಬೇಕು. ಬಿಳಿ ಅರ್ಥಿಂಗ್‌ಗೆ, ಕಂದು ಹಿಂದಿನ ದೀಪಕ್ಕೆ, ಹಳದಿ ಎಡ ಇಂಡಿಕೇಟರ್ ಮತ್ತು ಬ್ರೇಕ್‌ಗೆ, ಹಸಿರು ಬಲದ್ದಕ್ಕೆ. ಈಗಿನ ಗಾಡಿಗಳ ದೀಪದ ತಂತಿಗೆ ನೇರ ಕಚ್ಚಿಸಬಾರದು. ಅವು ಹೆಚ್ಚುವರಿ ದೀಪದ ಹೊರೆ ತಡೆಯುವುದಿಲ್ಲ, ದುಬಾರಿ ಕಂಟ್ರೋಲ್ ಮಾಡ್ಯೂಲ್ ಸುಟ್ಟೀತು. ಗಾಡಿಯ ಬ್ಯಾಟರಿಯಿಂದಲೇ ವಿದ್ಯುತ್ ಎಳೆಯುವ ಪವರ್ಡ್ ಕನ್ವರ್ಟರ್ ಕೊಳ್ಳಿ. ಹಿಂದಿನ ದೀಪದ ಪ್ಲಗ್‌ಗಳ ನಡುವೆ ಅದು ಸಿಕ್ಕಿಕೊಳ್ಳುತ್ತದೆ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಫ್ಯೂಸನ್ನು ಎಲ್ಲ ಜೋಡಣೆ ಮುಗಿದ ಮೇಲೆ ಕೊನೆಗೆ ಹಾಕಿ. ಟ್ರೇಲರ್ ದೀಪ ಮಿಣುಕಿದರೆ, ಒಂದು ಬದಿಯ ಇಂಡಿಕೇಟರ್ ಹಾಕಿದಾಗ ಎರಡೂ ಬೆಳಗಿದರೆ, ಬಿಳಿ ತಂತಿಯನ್ನೇ ಮೊದಲು ಶಂಕಿಸಿ. ಬಣ್ಣದ ಮೇಲೆ ಸ್ಕ್ರೂ ಹಾಕಿದ್ದರೆ ಅರ್ಥಿಂಗ್ ಸಿಗುವುದಿಲ್ಲ, ಕೆರೆದು ಲೋಹ ಕಾಣಬೇಕು.

ಬಾಲ್‌ನ ಅಳತೆ ಟ್ರೇಲರ್ ಮೂತಿಯಲ್ಲಿ ಅಚ್ಚಾಗಿರುತ್ತದೆ. 2 ಇಂಚಿನ ಮೂತಿಗೆ 1⅞ ಇಂಚಿನ ಬಾಲ್ ಹಾಕಿದರೆ ಕೂತಂತೆಯೇ ಕಾಣುತ್ತದೆ, ಮೊದಲ ದೊಡ್ಡ ಕುಲುಕಿಗೆ ಹಾರಿಬರುತ್ತದೆ. ಸುರಕ್ಷತಾ ಸರಪಳಿಗಳನ್ನು ಕತ್ತರಿಯಂತೆ ಅಡ್ಡಡ್ಡ ಹಾಕಿ. ಮೂತಿ ಕಳಚಿದರೂ ನೆಲಕ್ಕೆ ಬೀಳದೆ ಆ ತೊಟ್ಟಿಲಲ್ಲಿ ನಿಲ್ಲುತ್ತದೆ. ಕಂಬಿಯನ್ನು ರಿಸೀವರ್‌ನಲ್ಲಿ ಹಿಡಿದಿಡುವ ಪಿನ್ ಒಂದೂಕಾಲು ಇಂಚಿಗೆ ಅರ್ಧ ಇಂಚು ದಪ್ಪ, ಎರಡು ಇಂಚಿಗೆ 5/8 ಇಂಚು.

ಮೊದಲ 50 ಮೈಲಿ ಓಡಿಸಿದ ಮೇಲೆ ಮತ್ತೆ ಕೆಳಗೆ ಮಲಗಿ ಎಲ್ಲ ಬೋಲ್ಟ್‌ಗಳ ಟಾರ್ಕ್ ನೋಡಿ. ಬಣ್ಣ, ತುಕ್ಕಿನ ಪದರ ಒತ್ತಿಕೊಂಡು ಒಂದೆರಡು ಸ್ವಲ್ಪ ಸಡಿಲವಾಗಿರುವುದು ಸಹಜ. ರ‍್ಯಾಕ್ ಹಾಕಿದಾಗ ನಂಬರ್ ಪ್ಲೇಟ್ ಮರೆಯಾಗುತ್ತದೆಯೇ, ಡಿಕ್ಕಿಯ ಬಾಗಿಲು ಬಡಿಯುತ್ತದೆಯೇ, ರಿವರ್ಸ್ ಸೆನ್ಸರ್ ಸುಮ್ಮಸುಮ್ಮನೆ ಕಿರುಚುತ್ತದೆಯೇ ನೋಡಿಕೊಳ್ಳಿ. ಪ್ಲೇಟ್ ಮುಚ್ಚಿದ್ದಕ್ಕೆ ಹಲವು ರಾಜ್ಯಗಳಲ್ಲಿ ದಂಡ ಬೀಳುತ್ತದೆ. ಎಳೆಯುವುದು ಮುಗಿದ ಮೇಲೆ ಬಾಲ್‌ನ ಕಂಬಿಯನ್ನು ಬಿಚ್ಚಿ ಡಿಕ್ಕಿಯಲ್ಲಿಟ್ಟು, ರಿಸೀವರ್ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಕತ್ತಲಲ್ಲಿ ಗಾಡಿಯ ಹಿಂದೆ ನಡೆದುಹೋಗುವವರ ಮೊಣಕಾಲು ಉಳಿಯುತ್ತದೆ.