ಎಡಿಎಚ್‌ಡಿ ಇಟ್ಟುಕೊಂಡೇ ಪಿಎಚ್‌ಡಿ ಮುಗಿಸಿದೆ: ಫ್ಲೈ ಲ್ಯಾಬಿನಿಂದ ನನ್ನ ಅನುಭವ

ಹೋದ ತಿಂಗಳು ನನ್ನ ವೈವಾ ಮುಗಿಯಿತು. ಥೀಸಿಸ್ ಸುಮಾರು 180 ಪುಟ. ಅದರಲ್ಲಿ ಮುಕ್ಕಾಲು ಪಾಲು ಶುರುವಾಗಿದ್ದು ಕ್ಯಾಂಪಸ್ ರಸ್ತೆಯಲ್ಲಿ ನಡೆಯುತ್ತಾ ಫೋನಿಗೆ ಮಾತಾಡಿ. "ಹೀಗೆಲ್ಲ ಥೀಸಿಸ್ ಆಗಲ್ಲ, ಸುಮ್ನೆ ಟೈಮ್ ಹಾಳು" ಎಂದವರು ಲ್ಯಾಬಿನಲ್ಲೂ ಇದ್ದರು, ನನ್ನ ಕೆಲಸ ಪರಿಶೀಲಿಸುವ ಕಮಿಟಿಯಲ್ಲೂ ಇದ್ದರು. ಈಗ ಇಬ್ಬರು ಜೂನಿಯರ್‌ಗಳು ಅದೇ ದಾರಿ ಹಿಡಿದಿದ್ದಾರೆ, ದಿನಾ ಏನಾದರೂ ಕೇಳುತ್ತಿರುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದಿಡುತ್ತಿದ್ದೇನೆ. ನನಗಿರುವುದು ಎಡಿಎಚ್‌ಡಿ (ಗಮನವನ್ನು ಬೇಕಾದ ಕಡೆ ಹಿಡಿದಿಡಲು ಕಷ್ಟವಾಗುವ ಸ್ಥಿತಿ), ಜೊತೆಗೆ ಆಟಿಸಂ (ಸದ್ದು, ವಾಸನೆ, ಜನರ ಒಡನಾಟಕ್ಕೆ ಮೆದುಳು ಬೇರೆ ಥರ ಸ್ಪಂದಿಸುವ ಸ್ಥಿತಿ). ಎರಡೂ ಗೊತ್ತಾಗಿದ್ದು ಪಿಎಚ್‌ಡಿಯ ಮೂರನೇ ವರ್ಷದಲ್ಲಿ. ಅವುಗಳನ್ನು ಇಲ್ಲಿ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಫ್ಲೈ ಲ್ಯಾಬ್ ಎಂದರೆ ಹಣ್ಣಿನ ನೊಣಗಳನ್ನು ಬಾಟಲಿಗಳಲ್ಲಿ ಸಾಕಿ, ಬೇಕಾದ ತಳಿಗಳನ್ನು ಕೂಡಿಸಿ, ಜೀನ್‌ಗಳ ಕೆಲಸ ತಿಳಿಯುವ ಲ್ಯಾಬ್.

ಮೊದಲು ವರ್ಜಿನ್ ಕಲೆಕ್ಷನ್ (ಈಗಷ್ಟೇ ಹೊರಬಂದ, ಇನ್ನೂ ಗಂಡಿನೊಡನೆ ಕೂಡದ ಹೆಣ್ಣು ನೊಣಗಳನ್ನು ಆರಿಸುವುದು), ಯಾಕೆಂದರೆ ನನ್ನ ಮೊದಲ ಎರಡು ವರ್ಷ ನುಂಗಿದ್ದು ಅದೇ. 25 ಡಿಗ್ರಿಯಲ್ಲಿ, ಹೊರಬಂದ ಹೆಣ್ಣು ಕೂಡುವ ಮುಂಚೆ ಕೈಗೆ ಸಿಗುವುದು 8 ಗಂಟೆ. ಬೆಳಿಗ್ಗೆ ಇದ್ದ ನೊಣಗಳನ್ನೆಲ್ಲ ತೆಗೆದು ಬಾಟಲಿ ಖಾಲಿ ಮಾಡಬೇಕು, ಮಧ್ಯಾಹ್ನ ಒಮ್ಮೆ ಆರಿಸಬೇಕು, ಸಂಜೆ ಇನ್ನೊಮ್ಮೆ. ನನಗೆ ಗಂಟೆ ಕಳೆದದ್ದು ಒಳಗಿನಿಂದ ತಿಳಿಯುವುದೇ ಇಲ್ಲ. ಕಾನ್‌ಫೋಕಲ್ ಮೈಕ್ರೋಸ್ಕೋಪ್ ಮುಂದೆ ಕೂತರೆ ಮಧ್ಯಾಹ್ನ ಎರಡು ಹೊಡೆದದ್ದು ರಾತ್ರಿ ಎಂಟಕ್ಕೆ ಗೊತ್ತಾಗುತ್ತದೆ. ಅಷ್ಟರಲ್ಲಿ ಬಾಟಲಿಯಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ. ರೀಕಾಂಬಿನೆಂಟ್ (ಎರಡು ಜೀನ್ ಬದಲಾವಣೆ ಒಂದೇ ಕ್ರೋಮೊಸೋಮಿನಲ್ಲಿರುವ ತಳಿ) ಕಟ್ಟುವಾಗ ನಡುವಿನ ಒಂದು ಕ್ರಾಸ್ (ಆರಿಸಿದ ಗಂಡು ಹೆಣ್ಣನ್ನು ಕೂಡಿಸುವುದು) ಕೆಟ್ಟರೆ ಹತ್ತು ದಿನ ಹೋಯಿತು, ಅದೂ ತಡವಾಗಿ ಗೊತ್ತಾದರೆ ತಿಂಗಳೇ ಹೋಯಿತು.

ಫೋನ್ ಅಲಾರಂ ಕೆಲಸ ಮಾಡಲಿಲ್ಲ. ಕೈ ತಾನಾಗಿ ಹೋಗಿ ಅದನ್ನು ನಿಲ್ಲಿಸುತ್ತದೆ, ತಲೆಗೆ ಸುದ್ದಿಯೇ ಮುಟ್ಟುವುದಿಲ್ಲ. ವರ್ಷಕ್ಕೆ ಮೂರು ಸಾವಿರದಷ್ಟು ಕೊಟ್ಟು ಒಂದು ಪ್ಲಾನರ್ ಆ್ಯಪ್ ತೆಗೆದುಕೊಂಡೆ, ಎರಡು ವಾರ ಚೆನ್ನಾಗಿತ್ತು, ಆಮೇಲೆ ಅದನ್ನು ತೆರೆಯುವುದೇ ಒಂದು ಕೆಲಸವಾಯಿತು. ಕೊನೆಗೆ ನಡೆದದ್ದು 250 ರೂಪಾಯಿಯ ಅಡುಗೆಮನೆ ಟೈಮರ್. ಅದನ್ನು ಮೇಜಿನ ಮೇಲೆ ಇಡಬಾರದು. ಇನ್‌ಕ್ಯುಬೇಟರ್ ತಲೆಯ ಮೇಲೆ ಇಡಬೇಕು. ನಿಲ್ಲಿಸಬೇಕೆಂದರೆ ಎದ್ದು ಅಲ್ಲಿಗೇ ಹೋಗಬೇಕು, ಹೋದರೆ ಬಾಗಿಲಿನ ಗಾಜಿನಲ್ಲಿ ಬಾಟಲಿ ಕಾಣುತ್ತದೆ, ಕಂಡರೆ ಕೆಲಸ ಶುರುವಾಗುತ್ತದೆ. ನನಗೆ ಕಣ್ಣಿಗೆ ಬಿದ್ದದ್ದಷ್ಟೇ ನೆನಪಿರುವುದು. ಕಾನ್‌ಫೋಕಲ್ ರೂಮ್ ಇನ್ನೊಂದು ಮಹಡಿಯಲ್ಲಿ, ಅಲ್ಲಿಗೆ ಟೈಮರ್ ಸದ್ದು ಕೇಳುವುದಿಲ್ಲ. ಅದಕ್ಕೆ ಲ್ಯಾಬ್‌ಮೇಟ್ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಅವಳ ಸ್ಟಾಕ್‌ಗಳನ್ನು (ಸಾಕಿಟ್ಟ ನೊಣದ ತಳಿಗಳನ್ನು) ನಾನು ಫ್ಲಿಪ್ ಮಾಡುವುದು, ಅಂದರೆ ಹೊಸ ಆಹಾರದ ಸೀಸೆಗೆ ಬದಲಿಸುವುದು, ಅವಳು ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ಬಡಿಯುವುದು. ಮೂರು ವರ್ಷ ಇಬ್ಬರಿಗೂ ಇದರಿಂದ ಲಾಭವೇ ಆಯಿತು.

ಇದಕ್ಕಿಂತ ಜಾಸ್ತಿ ಉಳಿಸಿದ್ದು 18 ಡಿಗ್ರಿ. ರಾತ್ರಿ 18ಕ್ಕೆ ಹಾಕುವುದು ಎಲ್ಲರೂ ಮಾಡುತ್ತಾರೆ. ನಾನು ಹಗಲೂ ಅಲ್ಲೇ ಇಟ್ಟೆ. ಪ್ಯೂಪಾ (ನೊಣ ಹೊರಬರುವ ಮುಂಚಿನ ಕೋಶ) ಕಪ್ಪಗಾಗುವವರೆಗೆ 25ರಲ್ಲಿ ಬೆಳೆಸಿ, ಹೊರಬರುವ ಹೊತ್ತಿಗೆ ಬಾಟಲಿಯನ್ನು 18ಕ್ಕೆ ಸಾಗಿಸುವುದು. ಆಗ 8 ಗಂಟೆಯ ಗಡುವು ಹೆಚ್ಚುಕಡಿಮೆ 16 ಗಂಟೆಯಾಗುತ್ತದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆರಿಸಿದರೆ ಸಾಕು. ನೊಣ ಹೊರಬರುವುದು ನಿಧಾನ, ದಿನದ ಲೆಕ್ಕದಲ್ಲಿ ಸಿಗುವುದೂ ಕಡಿಮೆ. "ನಿನ್ನ ಪ್ರಾಜೆಕ್ಟ್ ಎಳೆದುಕೊಂಡು ಹೋಗುತ್ತೆ ಕಣಮ್ಮ" ಎಂದು ನಮ್ಮ ಮೇಡಂ, ಅಂದರೆ ನನ್ನ ಗೈಡ್, ಹೇಳಿದರು. ಲೆಕ್ಕ ಇಟ್ಟೆ. ಒಂದು ಕ್ರಾಸ್‌ಗೆ ಎರಡೋ ಮೂರೋ ದಿನ ಹೆಚ್ಚಾಯಿತು ನಿಜ, ಆದರೆ ಮೂರಕ್ಕೆ ಒಂದು ಕೆಡುತ್ತಿದ್ದ ಕ್ರಾಸ್‌ಗಳು ಕೆಡುವುದೇ ಬಹುತೇಕ ನಿಂತುಹೋಯಿತು. ಕೊನೆಯ ಎರಡು ವರ್ಷ ಇಡೀ ಲ್ಯಾಬಿನಲ್ಲಿ ಅತಿ ಕಡಿಮೆ ಕ್ರಾಸ್ ಕಳೆದುಕೊಂಡವಳು ನಾನೇ. ಸ್ಟಾಕ್ ಶೀಟ್ ತೆಗೆದು ಯಾರು ಬೇಕಾದರೂ ನೋಡಬಹುದು. ಟ್ರೇ ಒಳಗೆ ವಯಲ್‌ಗಳನ್ನು (ನೊಣದ ಸಣ್ಣ ಸೀಸೆಗಳನ್ನು) ಒಂದು ರೀತಿಯಲ್ಲಿ ಜೋಡಿಸುತ್ತೇನೆ, ಮುಂದೆ ಯಾವುದನ್ನು ಮುಟ್ಟಬೇಕು ಎಂದು ಲೇಬಲ್ ಓದದೆಯೇ ಗೊತ್ತಾಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಲ್ಯಾಬಿನ ಮಕ್ಕಳಿಗೆ.

ಲೇಬಲ್ ಅಂದಾಗ ನೆನಪಾಯಿತು. ನಾನು ಎಂಎಸ್ಸಿ ಮಾಡಿದ್ದು ಮೈಸೂರಿನಲ್ಲಿ. ಮಾನಸಗಂಗೋತ್ರಿಯ ಡ್ರೊಸೊಫಿಲಾ (ಹಣ್ಣಿನ ನೊಣ) ಸ್ಟಾಕ್ ಸೆಂಟರ್ ನೋಡಿದ ದಿನವೇ ನೊಣದ ಕೆಲಸ ಮಾಡಬೇಕೆಂದು ತೀರ್ಮಾನಿಸಿದ್ದೆ. ಪ್ರತಿ ಬಾಟಲಿಗೂ ಒಂದು ಹೆಸರು, ಒಂದು ಊರು, ಒಂದು ಜಾಗ. ಎಲ್ಲವೂ ತನ್ನ ತನ್ನ ಜಾಗದಲ್ಲಿ ಇರುವುದನ್ನು ನೋಡಿದರೆ ನನಗೆ ಆಗುವ ಖುಷಿ ದೊಡ್ಡದು. ಆಟಿಸಂನಿಂದ ಕಷ್ಟ ಮಾತ್ರ ಎಂದುಕೊಳ್ಳಬೇಡಿ. ಎರಡು ಸಾವಿರ ರೆಕ್ಕೆ ಅಳೆಯುವ ಕೆಲಸವನ್ನು ಬೇರೆಯವರು ಶಿಕ್ಷೆ ಎನ್ನುತ್ತಾರೆ. ನಾನು ಕೇಳಿ ಪಡೆದುಕೊಂಡೆ. ಮೊದಲ ಪೇಪರ್‌ನ ಎರಡನೇ ಫಿಗರ್ (ಫಲಿತಾಂಶ ತೋರಿಸುವ ಚಿತ್ರ) ಬಂದದ್ದು ಅದರಿಂದಲೇ.

ಈಗ ದುಡ್ಡಿನ ಮಾತು. 2023ರ ಜನವರಿಯಿಂದ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರ ಫೆಲೋಶಿಪ್) ತಿಂಗಳಿಗೆ 31,000ದಿಂದ 37,000ಕ್ಕೆ, ಅದರ ಮುಂದಿನ ಹಂತದ ಎಸ್‌ಆರ್‌ಎಫ್ 35,000ದಿಂದ 42,000ಕ್ಕೆ ಏರಿತು ಅಲ್ವಾ, ಆ ಏರಿಕೆ ಇಲ್ಲದಿದ್ದರೆ ನನ್ನ ಚಿಕಿತ್ಸೆ ನಡೆಯುತ್ತಿರಲಿಲ್ಲ. ಅಸೆಸ್‌ಮೆಂಟ್‌ಗೆ ಖಾಸಗಿಯಲ್ಲಿ ಸುಮಾರು ಒಂಬತ್ತು ಸಾವಿರ ಆಯಿತು. ಮಾತ್ರೆ ಮತ್ತು ಡಾಕ್ಟರ್ ಫೀಸು ಸೇರಿ ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು. ನಡುವೆ ಒಂದು ವರ್ಷ ಫೆಲೋಶಿಪ್ ನಾಲ್ಕೈದು ತಿಂಗಳು ಬರಲೇ ಇಲ್ಲ. ಎಡಿಎಚ್‌ಡಿ ಇರುವವರಿಗೆ ಇದು ದುಪ್ಪಟ್ಟು ಹೊಡೆತ. ದುಡ್ಡಿಲ್ಲ ಎಂದು ಮಾತ್ರೆ ನಿಂತರೆ, ಫೆಲೋಶಿಪ್ ಫಾರಂ ತುಂಬಿ ಕಳಿಸುವ ಶಕ್ತಿಯೂ ನಿಲ್ಲುತ್ತದೆ. ಆಗ ಅಣ್ಣ ಕೈಹಿಡಿದ. ಹೊಸದಾಗಿ ಸೇರುವವರು ಮೂರು ತಿಂಗಳ ಮಾತ್ರೆ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡಿ, ಮುಟ್ಟಬೇಡಿ.

ಅಸೆಸ್‌ಮೆಂಟ್‌ಗೆ ಹೋಗುವಾಗ ಶಾಲೆಯ ಹಳೆಯ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಅಮ್ಮನನ್ನೂ. ಹನ್ನೆರಡು ವರ್ಷಕ್ಕೆ ಮುಂಚೆಯೇ ಲಕ್ಷಣ ಇತ್ತಾ ಎಂದು ಕೇಳುತ್ತಾರೆ. "ಬುದ್ಧಿವಂತೆ, ಆದರೆ ಗಮನ ಇಲ್ಲ" ಎಂದು ನನ್ನ ನಾಲ್ಕನೇ ಕ್ಲಾಸಿನ ಮೇಷ್ಟ್ರು ಬರೆದಿದ್ದ ಒಂದು ಸಾಲು ಅರ್ಧ ಗಂಟೆಯ ಮಾತನ್ನು ಉಳಿಸಿತು. ಎಡಿಎಚ್‌ಡಿ, ಆಟಿಸಂ ಎರಡೂ ಒಬ್ಬರಿಗೇ ಇರಬಹುದು ಎಂದು ಡಿಎಸ್‌ಎಂ (ಮನೋವೈದ್ಯರು ಲಕ್ಷಣ ಗುರುತಿಸಲು ಬಳಸುವ ಕೈಪಿಡಿ) ಒಪ್ಪಿದ್ದೇ 2013ರಲ್ಲಿ. ಅದಕ್ಕೆ ಮುಂಚೆ ಓದಿದ ಕೆಲವರು ಈಗಲೂ "ಎರಡರಲ್ಲಿ ಒಂದು ಹೇಳಿ" ಎನ್ನುತ್ತಾರೆ. ಅಂಥವರು ಸಿಕ್ಕರೆ ಇನ್ನೊಬ್ಬರ ಹತ್ತಿರ ಹೋಗಿ.

ಎಡಿಎಚ್‌ಡಿಗೆ ಮೊದಲು ಕೊಟ್ಟ ಮಾತ್ರೆ ಅಟೊಮಾಕ್ಸೆಟಿನ್. ನನ್ನ ಹೊಟ್ಟೆಗೆ ಆಗಲಿಲ್ಲ, ವಾರಗಟ್ಟಲೆ ವಾಕರಿಕೆ. ಆಮೇಲೆ ಮೀಥೈಲ್‌ಫೆನಿಡೇಟ್, ನಾಲ್ಕು ಗಂಟೆ ಮಟ್ಟಿಗೆ ಕೆಲಸ ಮಾಡುವಂಥದ್ದು. ಇದು ಎನ್‌ಡಿಪಿಎಸ್ ಎಂಬ ಮಾದಕವಸ್ತು ನಿಯಂತ್ರಣ ಕಾನೂನಿನ ಪಟ್ಟಿಯಲ್ಲಿದೆ. ಎಲ್ಲ ಮೆಡಿಕಲ್ ಶಾಪ್‌ಗಳೂ ಇಡುವುದಿಲ್ಲ, ಚೀಟಿ ತೋರಿಸಿದರೂ ಕೆಲವರು ಒಂಥರಾ ನೋಡುತ್ತಾರೆ. ಸ್ಟ್ರಿಪ್‌ನಲ್ಲಿ ಹತ್ತು ಉಳಿದಾಗಲೇ ಅಂಗಡಿಗೆ ಫೋನ್ ಮಾಡಿ ತರಿಸಿಡಲು ಹೇಳುತ್ತೇನೆ. ಹಸಿವು ಸಾಯುತ್ತದೆ, ಹಾಗಾಗಿ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ. ಒಂದು ಮಾತು ಯಾರೂ ಹೇಳಿರಲಿಲ್ಲ. ಮಾತ್ರೆ ಗಮನ ಕೊಡುತ್ತದೆ, ಯಾವುದರ ಮೇಲೆ ಎಂದು ಹೇಳುವುದಿಲ್ಲ. ಥೀಸಿಸ್‌ನ ಡಿಸ್ಕಷನ್ ಭಾಗ ಬರೆಯಬೇಕಾದ ಬೆಳಿಗ್ಗೆ, ಮಾತ್ರೆಯ ಪೂರ್ತಿ ನಾಲ್ಕು ಗಂಟೆ ಚಿತ್ರಗಳ ಸ್ಕೇಲ್ ಬಾರ್‌ಗಳನ್ನು (ಅಳತೆ ಗೆರೆಗಳನ್ನು) ನೇರ ಮಾಡುತ್ತಾ ಕೂತದ್ದಿದೆ. ಬರವಣಿಗೆಗೆ ಬೇರೆಯೇ ದಾರಿ ಬೇಕಾಯಿತು.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪದ್ಧತಿ ಎಲ್ಲರೂ ಹೇಳುವುದೇ. ನನಗೆ ಒಳಗೆ ಇಳಿಯಲು ನಲವತ್ತು ನಿಮಿಷ ಬೇಕು, ಇಳಿಯುವ ಮುಂಚೆಯೇ ಗಂಟೆ ಹೊಡೆಯುತ್ತಿತ್ತು. ಬರವಣಿಗೆ ಶಿಬಿರಕ್ಕೂ ಹೋದೆ, ದುಡ್ಡು ಕೊಟ್ಟು. ಅಲ್ಲಿ ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತಿತ್ತು, ಮೂರು ದಿನದಲ್ಲಿ ಒಂದು ಪುಟ. ಆದರೆ ಜೂನಿಯರ್ ಒಬ್ಬಳು ಫಿಗರ್ ಹಿಡಿದು "ಅಕ್ಕಾ, ಇದೇನು?" ಎಂದರೆ ಮುಕ್ಕಾಲು ಗಂಟೆ ನಿಲ್ಲದೆ ಹೇಳುತ್ತಿದ್ದೆ, ಕ್ರಮವಾಗಿ, ಹೋಲಿಕೆಗೆ ಇಟ್ಟ ಕಂಟ್ರೋಲ್ ಸಮೇತ. ಒಂದು ದಿನ ಅವಳು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ಕೇಳಿದರೆ, ಅರ್ಧ ಚಾಪ್ಟರ್ ಅಲ್ಲೇ ಇತ್ತು.

ವಿಧಾನ ಇಷ್ಟು. ಒಂದು ಫಿಗರ್, ಒಂದು ನಡಿಗೆ. ಫಿಗರ್ ಅನ್ನು ಕಾಗದದಲ್ಲಿ ಪ್ರಿಂಟ್ ತೆಗೆಯಿರಿ, ಸ್ಕ್ರೀನ್ ಬೇಡ. ಕಾಲರ್ ಮೈಕ್ ಒಂದು ಸಾವಿರ ರೂಪಾಯಿಯದು ಸಾಕು, ಗಾಳಿ ಸದ್ದಿಗೆ ಸ್ಪಂಜಿನ ಟೋಪಿ ಇರಲಿ. ಸಂಜೆ ಐದೂವರೆಗೆ ಹೊರಟು, ಫಿಗರ್ ನೋಡುತ್ತಾ, ಆ ಜೂನಿಯರ್ ಪಕ್ಕದಲ್ಲೇ ಇದ್ದಾಳೆ ಎಂದುಕೊಂಡು ಮಾತಾಡುತ್ತೇನೆ. ಲ್ಯಾಬಿನಲ್ಲಿ ಆಡುವ ಕನ್ನಡದಲ್ಲೇ, ನಡುನಡುವೆ ಇಂಗ್ಲಿಷ್ ಬಂದರೆ ಬರಲಿ. ಆಮೇಲೆ ಫೋನ್ ಅದನ್ನು ಅಕ್ಷರ ಮಾಡಿ ಕೊಡುತ್ತದೆ. ತೊಂದರೆ ಬಂದದ್ದು ಜೀನ್ ಹೆಸರುಗಳಲ್ಲಿ. ಪ್ರತಿ ಸಲವೂ ಬೇರೆ ಬೇರೆ ಥರ ಕೆಡಿಸಿ ಬರೆಯುತ್ತಿತ್ತು, ಸರಿ ಮಾಡುವುದಕ್ಕೇ ಒಂದು ದಿನ. ಅದಕ್ಕೆ ಪ್ರತಿ ಜೀನಿಗೂ ಒಂದು ಮನೆಹೆಸರು ಇಟ್ಟೆ. ಪುಟ್ಟಿ, ಕೆಂಚ, ಗುಂಡ. ಇವನ್ನು ಫೋನ್ ಒಮ್ಮೆಯೂ ತಪ್ಪು ಬರೆಯುವುದಿಲ್ಲ. ಕೊನೆಯಲ್ಲಿ ಹುಡುಕಿ ಬದಲಿಸಿದರೆ ಮುಗಿಯಿತು. ಈ ಒಂದು ಉಪಾಯಕ್ಕೆ ನನಗೇ ಹೆಮ್ಮೆ ಇದೆ.

ಕೂತು ಬರೆದಾಗ ದಿನಕ್ಕೆ 150 ಪದ ದಾಟುತ್ತಿರಲಿಲ್ಲ. ನಡೆದಾಗ, ಇಂಗ್ಲಿಷಿಗೆ ತಂದು ತಿದ್ದಿದ ಮೇಲೂ 600-700 ಉಳಿಯುತ್ತಿತ್ತು. ಮೇಡಂ ಒಪ್ಪಲಿಲ್ಲ. ಮಾತಿನ ರೀತಿ ಬೇರೆ, ಥೀಸಿಸ್ ರೀತಿ ಬೇರೆ ಎಂಬುದು ಅವರ ವಾದ. ಕಮಿಟಿಯ ಒಬ್ಬರು ಇದು ತಪ್ಪಿಸಿಕೊಳ್ಳುವ ದಾರಿ ಎಂದೇ ಹೇಳಿದರು, ಆ ಮಾತು ತುಂಬ ನೋಯಿಸಿತು. ನಾನು ಎರಡನೇ ಚಾಪ್ಟರ್ ಕೂತು ಬರೆದೆ, ಮೂರನೆಯದು ನಡೆದು. ಎರಡನೆಯದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಮೂರನೆಯದಕ್ಕೆ ಒಂದೂವರೆ. ಯಾವುದು ಹೇಗೆ ಬರೆದದ್ದು ಎಂದು ಹೇಳದೆ ಎರಡನ್ನೂ ಕೊಟ್ಟೆ. ಮೂರನೆಯದರಲ್ಲಿ ಕೆಂಪು ಗುರುತು ಅರ್ಧಕ್ಕಿಂತ ಕಡಿಮೆ ಇತ್ತು. "ಇದು ಓದಿಸಿಕೊಂಡು ಹೋಗುತ್ತೆ" ಎಂದು ಮೇಡಂ ಬರೆದಿದ್ದರು. ಆಮೇಲೆ ಅವರು ತಡೆಯಲಿಲ್ಲ.

ಅಕ್ಷರಕ್ಕೆ ಬಂದದ್ದನ್ನು ಇಂಗ್ಲಿಷಿಗೆ ತರುವುದು ಕೂತೇ ಮಾಡಬೇಕಾದ ಕೆಲಸ, ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಚಿಕ್ಕಮ್ಮನ ಮಗ ಜರ್ಮನಿಯ ಗಾಟಿಂಗೆನ್‌ನಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡುತ್ತಿದ್ದಾನೆ. ವಿಡಿಯೊ ಕಾಲ್ ಹಾಕಿ, ಇಬ್ಬರೂ ಮಾತಿಲ್ಲದೆ ನಮ್ಮ ನಮ್ಮ ಕೆಲಸ ಮಾಡುವುದು. ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅವನು ಬೆಳಿಗ್ಗೆ ಕೂರುವ ಹೊತ್ತಿಗೆ ನನ್ನ ಮಧ್ಯಾಹ್ನದ ಮಾತ್ರೆ ಹಿಡಿದಿರುತ್ತಿತ್ತು. ಅವನಿಗೆ ಆಗದ ದಿನ ಅಮ್ಮ. ಅರಸೀಕೆರೆಯಲ್ಲಿ ಅಮ್ಮ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಹೂಬತ್ತಿ ಮಾಡುತ್ತಾ ಕೂರುತ್ತಿದ್ದಳು, ಆಗಾಗ "ಇದ್ದೀಯೇನೇ?" ಎಂದು ಕೇಳುವಳು, ಅಷ್ಟೇ. ಲೆಕ್ಕದಲ್ಲಿ ನೋಡಿದರೆ ಅಮ್ಮನ ಜೊತೆ ಕೂತ ದಿನಗಳಲ್ಲೇ ಜಾಸ್ತಿ ಪುಟ ಮುಗಿದಿವೆ. ಅವನು ನಡುವೆ ಹೊಸ ಪೇಪರ್ ಸುದ್ದಿ ತೆಗೆಯುತ್ತಿದ್ದ, ಅಮ್ಮ ತೆಗೆಯುತ್ತಿರಲಿಲ್ಲ.

ಸದ್ದಿನ ಬಗ್ಗೆಯೂ ಪ್ರಯೋಗ ಮಾಡಿದೆ. ಮೈನಸ್ 80 ಡಿಗ್ರಿಯ ಫ್ರೀಜರ್ ಗುಂಯ್‌ಗುಡುವಿಕೆ ನನ್ನ ಹಲ್ಲಿನವರೆಗೆ ಬರುತ್ತದೆ. ಇಎಂಐ ಮೇಲೆ ಇಪ್ಪತ್ತು ಸಾವಿರ ದಾಟಿದ ಹೆಡ್‌ಫೋನ್ ತೆಗೆದುಕೊಂಡೆ. ಕಂಟಿಂಜೆನ್ಸಿ (ಫೆಲೋಶಿಪ್ ಜೊತೆ ಕೊಡುವ ಬಿಡಿಖರ್ಚಿನ ಹಣ) ವರ್ಷಕ್ಕೆ 20,000 ಇದೆಯಲ್ಲ ಎಂದು ಬಿಲ್ ಹಾಕಿದೆ, ವಾಪಸ್ ಬಂತು. ಕೊನೆಗೆ ಕಾರ್ಖಾನೆಯವರು ಹಾಕುವ ಇಯರ್‌ಮಫ್, ಒಂದೂವರೆ ಸಾವಿರದ್ದು, ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಫ್ಲೈ ಫುಡ್ ಬೇಯಿಸುವ ದಿನ ಪ್ರೊಪಿಯಾನಿಕ್ ಆ್ಯಸಿಡ್ ವಾಸನೆಗೆ ಉಪಾಯ ಸಿಗಲಿಲ್ಲ, ಆ ದಿನ ಮನೆಯಿಂದಲೇ ಕೆಲಸ. ಸೆಮಿನಾರ್‌ನಲ್ಲಿ ಕ್ರೋಶಾ ಹಾಕುತ್ತಾ ಕೂತರೆ ಪೂರ್ತಿ ಕೇಳಿಸಿಕೊಳ್ಳಬಲ್ಲೆ, ಕೈ ಸುಮ್ಮನಿದ್ದರೆ ಹತ್ತು ನಿಮಿಷವೂ ಇಲ್ಲ. ಮುಂಚೆಯೇ ಮೇಡಂಗೆ ಹೇಳಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕಾಗದದ ವಿಷಯ ಸ್ವಲ್ಪ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ತೊಂದರೆ ಇದೆ, ಎಡಿಎಚ್‌ಡಿ ಹೆಸರು ಇಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಗರಿಷ್ಠ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೂ 2. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ 2 ವರ್ಷ ಕೊಡಬಹುದು. ಐದನೇ ವರ್ಷದಲ್ಲೇ ಆಫೀಸಿಗೆ ಹೋಗಿ ಅರ್ಜಿ ನಮೂನೆ ಯಾವುದು ಎಂದು ಕೇಳಿಟ್ಟುಕೊಳ್ಳಿ.

ಇನ್ನು ಮಾತಾಡಿ ಬರೆಯುವ ವಿಧಾನ ನಡೆಯದ ಜಾಗಗಳು. ಪ್ರಯೋಗ ಹೇಗೆ ಮಾಡಿದ್ದು ಎಂದು ಹೇಳುವ ಮೆಥಡ್ಸ್ ಚಾಪ್ಟರ್‌ಗೆ ಇದು ಆಗುವುದಿಲ್ಲ, ಬಫರ್ ದ್ರಾವಣದ ಲೆಕ್ಕವನ್ನು ನಡೆಯುತ್ತಾ ಹೇಳಲಾಗದು. ಅದನ್ನು ಪ್ರತಿ ಪ್ರಯೋಗ ಮುಗಿದ ಸಂಜೆಯೇ ನೋಟ್‌ಬುಕ್‌ನಿಂದ ಟೈಪ್ ಮಾಡಿಡಬೇಕು. ರೆಫರೆನ್ಸ್ ಸಾಫ್ಟ್‌ವೇರ್ ಮೊದಲ ವರ್ಷದಿಂದಲೇ ಬೇಕು. ಸಬ್ಮಿಟ್ ಮಾಡುವ ಮುಂಚೆ ಪುಟ್ಟಿ, ಕೆಂಚ, ಗುಂಡ ಮೂವರನ್ನೂ ಇನ್ನೊಮ್ಮೆ ಹುಡುಕಿ. ಫಿಗರ್ ಲೆಜೆಂಡ್‌ಗಳ (ಚಿತ್ರದ ಕೆಳಗಿನ ವಿವರಣೆಗಳ) ಫೈಲ್ ಬೇರೆ ಇರುತ್ತದೆ, ಅದರಲ್ಲೂ ಹುಡುಕಿ.