ಹುಲ್ಲು ಕತ್ತರಿಸುವುದನ್ನು ಬಿಟ್ಟ ಮೇಲೆ ಬಂದ ಚಿಟ್ಟೆಗಳು

ಮನೆ ಹಿಂದಿನ ಜಾಗಕ್ಕೆ ಚಿಟ್ಟೆ ಬರಲಿ ಅಂತ ಮೊದಲು ಹೂವಿನ ಗಿಡ ನೆಟ್ಟೆ. ಚಿಟ್ಟೆಗಳು ಬಂದವು, ಮಕರಂದ ಹೀರಿದವು, ಹೋದವು. ಒಂದೂ ಮೊಟ್ಟೆ ಇಡಲಿಲ್ಲ. ಮರಿಹುಳ ತಿನ್ನುವ ಗಿಡವೇ ಬೇರೆ. ಅದನ್ನು ನಾನು ಹದಿನೈದು ದಿನಕ್ಕೊಮ್ಮೆ ಕಳೆ ಅಂತ ಕತ್ತರಿಸಿ ಹಾಕುತ್ತಿದ್ದೆ.

ಒಂದು ವರ್ಷ ಸುಮ್ನೆ ಬಿಟ್ಟೆ. ಹುಲ್ಲು ಮೊಣಕಾಲಿನವರೆಗೆ ಬೆಳೆಯಿತು. ಒಂದು ಬೆಳಿಗ್ಗೆ ಹುಲ್ಲಿನ ಎಲೆ ಮಗುಚಿದರೆ ಅದರಷ್ಟೇ ಹಸಿರಾದ ಒಂದು ಹುಳ, ತಲೆಯ ಮೇಲೆ ಎರಡು ಪುಟ್ಟ ಕೊಂಬು! ಮುಸ್ಸಂಜೆಯಲ್ಲಿ ಹಾರಾಡುವ ಕಂದು ಚಿಟ್ಟೆಯ ಮರಿ ಅದು. ಆ ಚಿಟ್ಟೆಗೆ ಹೂವಿಗಿಂತ ಕೊಳೆತ ಹಣ್ಣಿನ ರಸವೇ ಇಷ್ಟ. ಎಷ್ಟು ಹೂವು ನೆಟ್ಟಿದ್ದರೂ ಅದು ಬರುತ್ತಿರಲಿಲ್ಲ, ಅಲ್ವಾ? ಹುಲ್ಲಿನ ಸಂದಿಯಲ್ಲಿ ಮೂರೆಲೆಯ ಹುಳಿಸೊಪ್ಪು ಹಬ್ಬಿತು. ಅದರ ಮೇಲೆ ಉಗುರಿನಷ್ಟಗಲದ ನೀಲಿ ಚಿಟ್ಟೆಗಳು ಮೊಟ್ಟೆ ಇಟ್ಟವು. ಮಂಡಿಯೂರಿ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ದೊಡ್ಡ ತಪ್ಪು ಮಾಡಿದೆ. ಹುಲ್ಲು ಜಾಸ್ತಿಯಾಯಿತು ಅಂತ ಒಂದೇ ದಿನ ಪೂರ್ತಿ ಕೊಯ್ದುಬಿಟ್ಟೆ. ರಾಶಿ ಎತ್ತುವಾಗ ನೋಡಿದೆ. ಎಲೆಗಳಿಗೆ ನೇತಾಡುತ್ತಿದ್ದ ಹಸಿರು ಕೋಶಗಳು, ಅಂದರೆ ಹುಳ ಚಿಟ್ಟೆಯಾಗುವ ಗೂಡುಗಳು, ಜಜ್ಜಿಹೋಗಿದ್ದವು. ಅವತ್ತು ತುಂಬಾ ಬೇಜಾರಾಯಿತು.

ಹಾಗಂತ ಕೊಯ್ಯದೆಯೇ ಬಿಟ್ಟರೆ ಪೊದೆ ಬೆಳೆದು ಹುಲ್ಲನ್ನೇ ನುಂಗುತ್ತದೆ. ಈಗ ಜಾಗವನ್ನು ಮೂರು ಪಾಲು ಮಾಡಿದ್ದೇನೆ. ಒಂದು ಸಲಕ್ಕೆ ಒಂದೇ ಪಾಲು ಕೊಯ್ಯುತ್ತೇನೆ, ಉಳಿದ ಎರಡನ್ನು ಮುಟ್ಟುವುದಿಲ್ಲ. ಬೆಚ್ಚಗಿನ ಕಾಲದಲ್ಲೂ ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು 1 ತಿಂಗಳು ಬೇಕು, ತಂಪಿದ್ದರೆ ಇನ್ನೂ ಜಾಸ್ತಿ. ಯಾವಾಗ ಕೊಯ್ದರೂ ಯಾವುದೋ ಒಂದು ಮೊಟ್ಟೆ, ಹುಳ ಅಲ್ಲಿರುತ್ತದೆ. ಅದಕ್ಕೇ ಈ ಪಾಲು.

ಯಂತ್ರ ಬಿಟ್ಟು ಕುಡುಗೋಲು ಹಿಡಿದಿದ್ದೇನೆ. ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ಯುತ್ತೇನೆ. ಕೊಯ್ದ ಹುಲ್ಲನ್ನು ಕೊಯ್ಯದ ಪಾಲಿನ ಅಂಚಿಗೆ ಎರಡು ದಿನ ಹಾಕಿಡುತ್ತೇನೆ. ಅದರಲ್ಲಿರುವ ಹುಳಗಳು ಹಸಿರು ಹುಲ್ಲಿಗೆ ದಾಟಿಕೊಳ್ಳಲಿ ಅಂತ. ಆಮೇಲೆ ಅದನ್ನು ಅಲ್ಲಿಂದ ತೆಗೆಯಲೇಬೇಕು. ಅಲ್ಲೇ ಕೊಳೆತರೆ ಮಣ್ಣು ಕೊಬ್ಬಿ, ಒರಟು ಹುಲ್ಲು ಎದ್ದು, ಸಣ್ಣ ಹೂಗಿಡಗಳು ಅಡಗಿಹೋಗುತ್ತವೆ. ಕೀಟನಾಶಕದ ಮಾತಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಬೆಳಗಿನ ಜಾವ ಕೊಯ್ಯಬೇಡಿ. ಎಷ್ಟೋ ಚಿಟ್ಟೆಗಳು ರಾತ್ರಿ ಹುಲ್ಲಿನ ಕಡ್ಡಿಗೇ ಅಂಟಿಕೊಂಡು ಮಲಗಿರುತ್ತವೆ. ಮೈ ಬಿಸಿಯಾಗದೆ ಹಾರಲಾರವು. ಬಿಸಿಲೇರಿ, ಅವು ರೆಕ್ಕೆ ಬಿಚ್ಚಿ, ಒಂದೊಂದಾಗಿ ಎದ್ದು ಹೋಗುವವರೆಗೆ ನಾನು ಕುಡುಗೋಲು ಪಕ್ಕಕ್ಕಿಟ್ಟು ಕಾಯುತ್ತೇನೆ.