ಸೇಂಟ್ ಆಂಡ್ರೂಸ್‌ಗೆ ಗಾಲ್ಫ್ ಆಡಲು ಹೋಗುವವರಿಗೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಲ್ಲಿರುವ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಒಮ್ಮೆ ಆಡಬೇಕು ಅನ್ನುವವರೇ, ದುಬಾರಿ ಪ್ಯಾಕೇಜ್ ಒಂದೇ ದಾರಿ ಅಂದುಕೊಳ್ಳಬೇಡಿ. ಅದು ಸಾರ್ವಜನಿಕ ಕೋರ್ಸ್. ಆಡುವ ದಿನಕ್ಕೆ 2 ದಿನ ಮೊದಲು ಬ್ಯಾಲೆಟ್‌ಗೆ ಹೆಸರು ಕೊಡಿ, ಲಾಟರಿ ಎತ್ತಿ ಆಯ್ಕೆ ಮಾಡುತ್ತಾರೆ. ಇದಕ್ಕೆ ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರು ಇರಬೇಕು. ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ತೋರಿಸುವ ಅಂಕಿ) ಸರ್ಟಿಫಿಕೇಟನ್ನು ನಿಮ್ಮ ಕ್ಲಬ್ಬಿನಿಂದ ಮೊದಲೇ ತೆಗೆದುಕೊಳ್ಳಿ.

ಒಂದೇ ದಿನ ನಂಬಿಕೊಂಡು ಹೋಗಬೇಡಿ. ಮೂರ್ನಾಲ್ಕು ದಿನ ಉಳಿದರೆ ಅವಕಾಶ ಜಾಸ್ತಿ. ಲಾಟರಿಯಲ್ಲಿ ಹೆಸರು ಬರದ ದಿನ ಅದೇ ಊರಿನ, 1895ರಲ್ಲಿ ಶುರುವಾದ ನ್ಯೂ ಕೋರ್ಸ್‌ನಲ್ಲಿ ಆಡಿ. ನನ್ನ ಪ್ರಕಾರ ಅದು ಯಾವುದಕ್ಕೂ ಕಡಿಮೆ ಇಲ್ಲ. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ, ಊರಿನವರು ವಾಕಿಂಗ್ ಬರುತ್ತಾರೆ. ಅವತ್ತು ಮನೆಯವರ ಜೊತೆ ಸುಮ್ನೆ ಒಂದು ಸುತ್ತು ನಡೆದು ಬನ್ನಿ. ಅಲ್ಲಿನ ಹಳೇ ಕಲ್ಲಿನ ಸ್ವಿಲ್ಕನ್ ಸೇತುವೆ ಮೇಲೆ ಫೋಟೋ ಬೇಕೇ ಬೇಕು ಅಲ್ವಾ?

ಕಡಲ ಗಾಳಿಯಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆದರೆ ಎಲ್ಲಿಗೋ ಹೋಗುತ್ತದೆ. ನೆಲ ಗಟ್ಟಿ, ತಗ್ಗಾಗಿ ಹೊಡೆದು ಉರುಳಲು ಬಿಡಿ. ಗಾಳಿ ಸಾಕಾಯ್ತು ಅನ್ನಿಸಿದರೆ ಒಳನಾಡಿನಲ್ಲಿ ಲೇಡಿಬ್ಯಾಂಕ್ ಗಾಲ್ಫ್ ಕೋರ್ಸ್ ಇದೆ, ಪೈನ್ ಮರಗಳ ನಡುವೆ. ಜೂನ್‌ನಲ್ಲಿ ರಾತ್ರಿ 10ರವರೆಗೂ ಬೆಳಕಿರುತ್ತದೆ. ಆದರೂ ಮಳೆ ಜಾಕೆಟ್ ಬ್ಯಾಗಿನಲ್ಲೇ ಇರಲಿ.